ಹೃದಯದ ಗುಳಿಗೆಯೂ ಹಿರಿಯರ 'ಚಕ್ಕರ್'ಊ
(ಸಾರವಾಡದಲ್ಲಿ ಪಾಲಕರ ಸಭೆಯಲ್ಲಿ ಮಾಡಿದ ಭಾಷಣ)



ನಾನು ಡಾಕ್ಟರಲ್ಲ, ಉರ್ದು-ಕನ್ನಡ ಕಲಿಸುವವಳು. ಆದ್ದರಿಂದ ಒಂದು ಶಬ್ದದಿಂದಲೇ ಮಾತು ಪ್ರಾರಂಭಿಸುತ್ತೇನೆ. ನಮ್ಮ ಮನೆಗಳಲ್ಲಿ ಹಿರಿಯರು 'ಚಕ್ಕರ್' ಬಂತು ಎನ್ನುತ್ತಾರೆ. ಮನೆಯೇ ಗರಗರ ತಿರುಗಿದಂತಾದರೂ ಚಕ್ಕರ್, ಎದ್ದು ನಿಂತಾಗ ಕಣ್ಣಿಗೆ ಕತ್ತಲೆ ಬಂದರೂ ಚಕ್ಕರ್, ನಡೆಯುವಾಗ ಜೋಲಿ ಹೋದರೂ ಚಕ್ಕರ್. ಡಾಕ್ಟರಿಗೆ ಈ ಮೂರೂ ಬೇರೆ ಬೇರೆ. ಎದ್ದಾಗ ಕತ್ತಲೆ ಬರುವುದು ಬಿ.ಪಿ. ಗುಳಿಗೆಯಿಂದ ರಕ್ತದೊತ್ತಡ ತೀರಾ ಇಳಿದದ್ದರ ಗುರುತಾಗಿರಬಹುದು. ಯಾವ ಚಕ್ಕರ್ ಎಂಬುದನ್ನು ಬಿಡಿಸಿ ಹೇಳಬೇಕಾದವರು ಜೊತೆಗೆ ಹೋದ ನಾವೇ.

ಹೃದಯದ ಔಷಧ ನರ-ಮಿದುಳಿಗೂ ತಟ್ಟುತ್ತದೆಂಬುದು ಹೊಸ ಸಂಗತಿಯಲ್ಲ. ಫಾಕ್ಸ್‌ಗ್ಲೋವ್ ಎಂಬ ಗಿಡದ ಎಲೆಯ ಔಷಧ ಹೆಚ್ಚಾದರೆ ತಲೆ ತಿರುಗುತ್ತದೆ, ವಸ್ತುಗಳು ಹಸಿರು ಹಳದಿಯಾಗಿ ಕಾಣುತ್ತವೆ ಎಂದು ಇಂಗ್ಲೆಂಡಿನ ವೈದ್ಯ ವಿಲಿಯಂ ವಿದರಿಂಗ್ 1785ರಲ್ಲಿಯೇ ಬರೆದಿಟ್ಟ. ಆ ಜಾತಿಯ ಗಿಡದಿಂದಲೇ ಬಂದ ಡಿಗಾಕ್ಸಿನ್ ಇಂದಿಗೂ ಬಳಕೆಯಲ್ಲಿದೆ. ಅದರ ಗುಣಕ್ಕೂ ವಿಷಕ್ಕೂ ಅಂತರ ಬಹಳ ಕಡಿಮೆ. ಅದನ್ನು ಹೊರಹಾಕುವ ಮೂತ್ರಪಿಂಡ ವಯಸ್ಸಾದಂತೆ ನಿಧಾನವಾಗುತ್ತದೆ. ಐವತ್ತರಲ್ಲಿ ಒಗ್ಗಿದ ಗುಳಿಗೆ ಎಪ್ಪತ್ತೈದರಲ್ಲಿ ಹೆಚ್ಚಾಗಬಹುದು. ಹಸಿವೆ ಇಂಗುತ್ತದೆ, ಓಕರಿಕೆ ಬರುತ್ತದೆ, ಮಾತು ಗೊಂದಲವಾಗುತ್ತದೆ. ಅದಕ್ಕೇ ನಮ್ಮಲ್ಲಿ ಅನೇಕ ಡಾಕ್ಟರರು ಇದನ್ನು ವಾರಕ್ಕೆ 5 ದಿನ ಮಾತ್ರ ಬರೆಯುತ್ತಾರೆ. 'ಪಾಪ, ಎರಡು ದಿನ ತಪ್ಪಿದೆ' ಎಂದು ಮನೆಯವರು ಪ್ರೀತಿಯಿಂದ ಕೊಟ್ಟುಬಿಟ್ಟರೆ ಕೆಲಸ ಕೆಟ್ಟಿತು.

ಇನ್ನು ಮೂತ್ರ ಹೆಚ್ಚು ಹೋಗುವ ಗುಳಿಗೆ. ಅದರಿಂದ ನೀರಿನ ಜೊತೆ ಉಪ್ಪಿನಂಶವೂ ಹೋಗುತ್ತದೆ. ನಮ್ಮ ವಿಜಯಪುರದ ಬೇಸಿಗೆಯ ಬೆವರು ಬೇರೆ! ಸೋಡಿಯಂ ಇಳಿದರೆ ಮುದುಕರು ದಿನ ತಪ್ಪುತ್ತಾರೆ, ಮೊಮ್ಮಗನನ್ನು ಮಗನೆನ್ನುತ್ತಾರೆ. ಅರವತ್ತಕ್ಕೆ ಅರಳು-ಮರಳು ಎಂಬ ಗಾದೆ ಇಲ್ಲಿ ನಮಗೆ ಮೋಸ ಮಾಡಿದೆ. ವಯಸ್ಸಿನ ಮರೆವು ವರ್ಷಗಟ್ಟಲೆ ಮೆಲ್ಲಗೆ ಬರುತ್ತದೆ. ಮೂರು-ನಾಲ್ಕು ದಿನದಲ್ಲಿ ಬಂದ ಮರೆವು ರೋಗ. ಅಂದೇ ಆಸ್ಪತ್ರೆಗೆ ತೋರಿಸಬೇಕು. ಇಂಥದು ರಕ್ತಪರೀಕ್ಷೆಯಲ್ಲಿ ಗೊತ್ತಾಗುತ್ತದೆ, ಬಹಳ ಸಲ ವಾಸಿಯೂ ಆಗುತ್ತದೆ.

ಹಾಗೆಂದು ಗುಳಿಗೆಯನ್ನು ನಾವೇ ನಿಲ್ಲಿಸಬಾರದು. ಅಟೆನೊಲಾಲ್, ಮೆಟೊಪ್ರೊಲಾಲ್‌ನಂಥವನ್ನು ಒಮ್ಮೆಲೇ ಬಿಟ್ಟರೆ ಹೃದಯಾಘಾತವೇ ಆಗಬಹುದು. ಬಾಯಿ ಸೊಟ್ಟಗಾದರೆ, ಒಂದು ಕೈ ಸೋತರೆ, ಮಾತು ತೊದಲಿದರೆ ಅದು ಲಕ್ವಾ. ಗುಳಿಗೆಯ ವಿಚಾರ ಬಿಟ್ಟು ತಕ್ಷಣ 108ಕ್ಕೆ ಫೋನ್ ಮಾಡಿ. ರಕ್ತ ತೆಳುವಾಗುವ ಗುಳಿಗೆ ತಿನ್ನುವವರು ಬಿದ್ದು ತಲೆಗೆ ಪೆಟ್ಟಾದರೆ, ಗಾಯ ಕಾಣದಿದ್ದರೂ ಆಸ್ಪತ್ರೆಗೆ ಒಯ್ಯಿರಿ.

ವಿದ್ಯಾರ್ಥಿಗಳೇ, ಗುಳಿಗೆ ಚೀಟಿಯ ಮೇಲಿನ ಹೆಸರು ಇಂಗ್ಲಿಷಿನಲ್ಲಿರುತ್ತದೆ; ದಾದಾ-ದಾದಿಯರಿಗೆ ಅದನ್ನು ಓದಿ ಹೇಳುವವರು ನೀವು. ಹೃದಯದವು, ಮೊಣಕಾಲು ನೋವಿನವು, ಯುನಾನಿ ಔಷಧ, ಎಲ್ಲವನ್ನೂ ಒಂದೇ ಚೀಲದಲ್ಲಿ ಹಾಕಿ ಡಾಕ್ಟರ ಮುಂದೆ ಸುರುವಿರಿ. ರೋಜಾ ಹಿಡಿಯುವ ಹಿರಿಯರಿದ್ದರೆ ಈ ಚೀಲ ರಮಜಾನ್ ಚಂದ್ರ ಕಾಣುವುದಕ್ಕೆ ಕೆಲವು ವಾರ ಮೊದಲೇ ಡಾಕ್ಟರ ಬಳಿ ಹೋಗಬೇಕು. ಸಹರಿಗೆ ಯಾವುದು, ಇಫ್ತಾರಿಗೆ ಯಾವುದು, ರೋಜಾ ಹಿಡಿಯಬಹುದೇ ಇಲ್ಲವೇ ಎಂಬುದನ್ನು ಅವರು ಆಗ ಹೇಳಬಲ್ಲರು.