ವಿದ್ಯಾರ್ಥಿಗಳ ಬಾನುಲಿ

ಕಾಲೇಜಿನ ಹುಡುಗರು ರೇಡಿಯೋ ನಡೆಸಹೊರಟರೆ ಓದಿನ ಗತಿಯೇನು ಎಂದು ತಂದೆತಾಯಿಗಳು ಕೇಳುವುದು ಸಹಜ. ಉತ್ತರವಾಗಿ ದೂರದ ಒಂದು ಸಂಗತಿಯನ್ನು ಹೇಳುತ್ತೇನೆ.

ಅಮೆರಿಕದ ಪ್ರಾವಿಡೆನ್ಸ್ ನಗರದ ಬ್ರೌನ್ ವಿಶ್ವವಿದ್ಯಾಲಯದಲ್ಲಿ 1936ರಲ್ಲಿ ಜಾರ್ಜ್ ಏಬ್ರಹಾಂ, ಡೇವಿಡ್ ಬೋರ್ಸ್ಟ್ ಎಂಬ ಇಬ್ಬರು ವಿದ್ಯಾರ್ಥಿಗಳು ಹಾಸ್ಟೆಲಿನ ಕೋಣೆಯಿಂದ ಕೋಣೆಗೆ ತಂತಿ ಎಳೆದು ಪ್ರಸಾರವನ್ನು ಆರಂಭಿಸಿದರು. ಕೇಳುವವರು ನೆರೆಕೋಣೆಯ ಗೆಳೆಯರೇ! ತಪ್ಪು ನುಡಿದರೆ ಊಟದ ಪಂಕ್ತಿಯಲ್ಲಿ ನಗೆಪಾಟಲು. ಇಂಥ ಕಟ್ಟುನಿಟ್ಟಿನ ಪರೀಕ್ಷಕರು ಯಾವ ಪರೀಕ್ಷಾ ಮಂಡಲಿಯಲ್ಲಿಯೂ ದೊರೆಯರು. ಈ ಕೇಂದ್ರವೇ 1966ರಲ್ಲಿ ಡಬ್ಲ್ಯು.ಬಿ.ಆರ್.ಯು. ಎಂಬ ಎಫ್.ಎಂ. ಕೇಂದ್ರವಾಗಿ ಊರಿಗೆಲ್ಲ ಕೇಳಿಸತೊಡಗಿತು.

ಅದೇ ಸೀಮೆಯ ರೋಡ್ ಐಲೆಂಡ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಕ್ರಿಸ್ಟಿಯಾನ್ ಅಮಾನ್‌ಪೂರ್ ಇದರ ವಾರ್ತಾ ವಿಭಾಗದಲ್ಲಿ ದುಡಿದರು. 1983ರಲ್ಲಿ ಪದವೀಧರೆಯಾಗಿ ಸಿ.ಎನ್.ಎನ್. ಸೇರಿದಾಗ ಸಿಕ್ಕಿದ್ದು ವಿದೇಶ ಸುದ್ದಿ ವಿಭಾಗದಲ್ಲಿ ಸಹಾಯಕಿಯ ಸಣ್ಣ ಕೆಲಸ. ಹತ್ತು ವರ್ಷದೊಳಗೆ ಬೋಸ್ನಿಯದ ಯುದ್ಧಭೂಮಿಯಿಂದ ಅವರ ವರದಿಯನ್ನು ಲೋಕ ಕೇಳಿತು.

ಎಲ್ಲರೂ ವರದಿಗಾರರಾಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಆದರೆ ಗಡಿಯಾರ ನೋಡಿ ಮಾತು ಮುಗಿಸುವುದು, ಖಚಿತವಾಗದ ಸುದ್ದಿಯನ್ನು ತಡೆದಿಡುವುದು, ಮುಖ ಕಾಣದ ಕೇಳುಗನನ್ನು ನೆನೆದು ನುಡಿಯುವುದು ವಕೀಲನಿಗೂ ವೈದ್ಯನಿಗೂ ಬೇಡವೇ? ತರಗತಿಯಲ್ಲಿ ಮಹಾಪ್ರಾಣಗಳನ್ನು ನುಂಗಿಬಿಡುವ ಹುಡುಗನೂ ಮೈಕಿನ ಮುಂದೆ ಎಚ್ಚರಗೊಳ್ಳುತ್ತಾನೆ.

2017ರಲ್ಲಿ ಆ ಕೇಂದ್ರದ ಎಫ್.ಎಂ. ತರಂಗ ಮಾರಾಟವಾಯಿತು. ನನಗೆ ಒಪ್ಪಿಗೆಯಾಗದ ವ್ಯಾಪಾರವದು. ಬಂದ ಹಣದಿಂದ ಯಂತ್ರ ಕೊಳ್ಳಬಹುದು. ಊರೇ ಕಿವಿಗೊಟ್ಟಿದೆಯೆಂಬ ಅಳುಕು ಅಂಗಡಿಯಲ್ಲಿ ಸಿಗದು.

ನಿಮ್ಮ ಮಗನೋ ಮಗಳೋ ಕಾಲೇಜಿನ ರೇಡಿಯೋಗೆ ಹೋಗುತ್ತೇನೆಂದರೆ ತಡೆಯಬೇಡಿ. ಪರೀಕ್ಷೆಯ ತಿಂಗಳೊಂದನ್ನು ಮಾತ್ರ ನಮಗೆ, ಉಪಾಧ್ಯಾಯರಿಗೆ, ಬಿಟ್ಟುಕೊಡಿ.