ಚಾಕುವಿನ ಅಲಗಿನ ಮೇಲೆ ಇನ್ನೂರು ಮೀಟರ್

(ಶ್ರೀಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)

 

ನಾನು ಭಾಷಣಕಾರನಲ್ಲ. ಮೂವತ್ತನಾಲ್ಕು ವರ್ಷ ಸರಕಾರದ ನೀರಾವರಿ ಕೆಲಸದಲ್ಲಿ ಇದ್ದವನು. ಕಾಲುವೆ, ಸೇತುವೆ, ಅವುಗಳ ಹತ್ತಿರಕ್ಕೆ ಹೋಗುವ ರಸ್ತೆ, ಇವೇ ನನ್ನ ಜನ್ಮದ ಕೆಲಸ. ಕಳೆದ ಆಗಸ್ಟಿನಲ್ಲಿ ಮಗಳ ಮನೆಗೆಂದು ಅಮೆರಿಕದ ಬಾಸ್ಟನ್ ಕಡೆ ಹೋಗಿದ್ದೆ. ಅಲ್ಲಿ ಕಂಡದ್ದನ್ನು ನಾಲ್ಕು ಮಂದಿಗೆ ಹೇಳಿ ಎಂದು ಶ್ರೀಗಳ ಅಪ್ಪಣೆಯಾಯಿತು. ಕಂಡದ್ದು ಬಹಳ. ಹೇಳಬೇಕು ಅನಿಸಿದ್ದು ಒಂದು ಗುಡ್ಡದ ವಿಷಯ ಮಾತ್ರ.

ಅಮೆರಿಕದ ಈಶಾನ್ಯ ಮೂಲೆಯಲ್ಲಿ, ಕೆನಡಾದ ಗಡಿಗೆ ತಾಗಿ, ಮೇಯ್ನ್ ಎಂಬ ರಾಜ್ಯವಿದೆ. ಅದರ ಉತ್ತರಕ್ಕೆ ಊರುಗಳು ಕಡಿಮೆ, ಕಾಡು ಮತ್ತು ಕೆರೆಗಳೇ ಹೆಚ್ಚು. ಆ ಕಾಡಿನ ನಡುವೆ ಕಟಾಡಿನ್ ಎಂಬ ಬೆಟ್ಟ. ಅಲ್ಲಿನ ಮೂಲನಿವಾಸಿಗಳಾದ ಪೆನಾಬ್ಸ್ಕಾಟ್ ಜನರ ಮಾತಿನಲ್ಲಿ ಆ ಹೆಸರಿಗೆ ಎಲ್ಲಕ್ಕಿಂತ ದೊಡ್ಡ ಬೆಟ್ಟ ಎಂದು ಅರ್ಥ. ಎತ್ತರ ಸುಮಾರು 5,267 ಅಡಿ. ಒಂದು ಮೈಲಿಗೆ ಹದಿಮೂರು ಅಡಿ ಕಡಿಮೆ. ಹಿಮಾಲಯ ನೋಡಿದವರು ನಗಬಹುದು, ನಾನೂ ಮನಸ್ಸಿನಲ್ಲಿ ನಕ್ಕೆ. ಆದರೆ ಎತ್ತರದಿಂದ ಬೆಟ್ಟವನ್ನು ಅಳೆಯಬಾರದು. ಅಲ್ಲಿ ಅರ್ಧ ದಾರಿಗೇ ಮರಗಳು ಗಾಳಿಯ ಹೊಡೆತಕ್ಕೆ ಮೊಣಕಾಲೆತ್ತರಕ್ಕೆ ಕುಗ್ಗುತ್ತವೆ. ಅದರ ಮೇಲೆ ಬರೀ ಕಲ್ಲು.

ತುದಿಯ ಶಿಖರಕ್ಕೆ ಬ್ಯಾಕ್ಸ್ಟರ್ ಶಿಖರ ಎಂದು ಹೆಸರು. ಈ ಬ್ಯಾಕ್ಸ್ಟರ್ ಯಾರೆಂಬುದನ್ನು ಹೇಳಲೇಬೇಕು. ಪರ್ಸಿವಲ್ ಬ್ಯಾಕ್ಸ್ಟರ್ 1921ರಿಂದ 1925ರವರೆಗೆ ಆ ರಾಜ್ಯದ ಗವರ್ನರ್ ಆಗಿದ್ದವರು. ಬೆಟ್ಟ ಆಗ ಮರ ಮತ್ತು ಕಾಗದದ ಕಂಪನಿಗಳ ಕೈಯಲ್ಲಿತ್ತು. ಸರಕಾರ ಕೊಂಡು ಜನರಿಗಾಗಿ ಉಳಿಸಲಿ ಎಂದು ಅವರು ಪಟ್ಟು ಹಿಡಿದರೆ ಶಾಸನಸಭೆ ಒಪ್ಪಲಿಲ್ಲ. ಅಧಿಕಾರ ಮುಗಿದ ಮೇಲೆ ಸ್ವಂತ ಹಣದಿಂದ ಕೊಳ್ಳತೊಡಗಿದರು. 1931ರಲ್ಲಿ ಮೊದಲ ಸುಮಾರು 6,000 ಎಕರೆ ರಾಜ್ಯಕ್ಕೆ ದಾನ ಕೊಟ್ಟರು. ಹೀಗೇ ತುಂಡು ತುಂಡಾಗಿ ಕೊಳ್ಳುತ್ತ, ಕೊಡುತ್ತ, 1962ರ ಹೊತ್ತಿಗೆ 2 ಲಕ್ಷ ಎಕರೆ ದಾಟಿತು. ಮೂವತ್ತು ವರ್ಷ ಒಂದೇ ಕೆಲಸ! ನಮ್ಮಲ್ಲಿ ಒಂದು ಗೇಟಿಗೆ ದೇಣಿಗೆ ಕೊಟ್ಟವರ ಹೆಸರು ಗೇಟಿಗಿಂತ ದೊಡ್ಡದಾಗಿರುತ್ತದೆ, ಇರಲಿ.

ಅವರ ಷರತ್ತು ನನ್ನಂಥವನಿಗೆ ವಿಚಿತ್ರವೆನಿಸಿತು. ಜಾಗ ಎಂದೆಂದಿಗೂ ಕಾಡಾಗಿಯೇ ಇರಬೇಕು, ಹೊಸದಾಗಿ ಮೋಟಾರು ರಸ್ತೆ ಮಾಡಬಾರದು. ಇವತ್ತಿಗೂ ಒಳಗೆ ಡಾಂಬರಿಲ್ಲ, ಕರೆಂಟಿಲ್ಲ, ನಲ್ಲಿಯಿಲ್ಲ. ಕಾರು ನಿಲ್ಲಿಸಲು ಮುಂಚೆಯೇ ಜಾಗ ಕಾಯ್ದಿರಿಸಬೇಕು. ಜಾಗ ತುಂಬಿತೆಂದರೆ ಆ ದಿನ ಅಷ್ಟೇ ಜನ. ಗೇಟಿನಲ್ಲಿ ನಾನು ಅಳಿಯಂದಿರಿಗೆ ಅಂದೆ, "ಇಲ್ಲಿ ಒಂದು ರೋಪ್‌ವೇ ಹಾಕಿದರೆ ಎರಡು ವರ್ಷದಲ್ಲಿ ಹಾಕಿದ ದುಡ್ಡು ವಾಪಸ್ ಬರ್ತದ." ಅವರು "ಮಾವಾರ, ಅದಕ್ಕೇ ಹಾಕಿಲ್ರಿ" ಅಂದರು.

ನಾವು ನಾಲ್ವರು. ಮಗಳು, ಅಳಿಯಂದಿರು, ಹನ್ನೆರಡು ವರ್ಷದ ಮೊಮ್ಮಗ, ಅರವತ್ತಾರರ ನಾನು. ರೋರಿಂಗ್ ಬ್ರೂಕ್ ಎಂಬ ಹಳ್ಳದ ದಂಡೆಯಿಂದ ಬೆಳಗಿನ ಏಳಕ್ಕೆ ಹೊರಟೆವು. ಅಲ್ಲಿಂದ 3.3 ಮೈಲಿಗೆ ಚಿಮ್ನಿ ಪಾಂಡ್ ಎಂಬ ಸಣ್ಣ ಕೆರೆ. ಅದರ ದಂಡೆಯಲ್ಲಿ ನಿಂತು ತಲೆ ಎತ್ತಿದಾಗ ಗುಡ್ಡ ಏನೆಂದು ಗೊತ್ತಾಯಿತು. ಮೂರು ಕಡೆಯೂ ಕಲ್ಲಿನ ಗೋಡೆ. ಹಿಮಯುಗದಲ್ಲಿ ಮಂಜಿನ ನದಿಗಳು ಗುಡ್ಡದ ಪಕ್ಕೆಗಳನ್ನು ಸೌಟಿನಿಂದ ತೋಡಿದಂತೆ ತೋಡಿ ಹಾಕಿವೆ. ತೋಡಿದ ಮೇಲೆ ನಡುವೆ ಉಳಿದ ತೆಳ್ಳನೆಯ ಬೆನ್ನನ್ನೇ ಅವರು ಚಾಕುವಿನ ಅಲಗು, ನೈಫ್ ಎಜ್ ಎನ್ನುತ್ತಾರೆ. ಬ್ಯಾಕ್ಸ್ಟರ್ ಶಿಖರದಿಂದ ಪಮೋಲಾ ಎಂಬ ಇನ್ನೊಂದು ಶಿಖರದವರೆಗೆ 1.1 ಮೈಲಿ. ಕೆಲವೆಡೆ ಅಗಲ ಎರಡು ಮೂರು ಅಡಿ, ಎರಡೂ ಬದಿ ಪ್ರಪಾತ. ಪಮೋಲಾ ಎಂದರೆ ಪೆನಾಬ್ಸ್ಕಾಟ್ ಜನರ ನಂಬಿಕೆಯಲ್ಲಿ ಬೆಟ್ಟ ಕಾಯುವ ಶಕ್ತಿ. ಮೂಸ್ ಎಂಬ ದೊಡ್ಡ ಕಡವೆಯ ತಲೆ, ಹದ್ದಿನ ರೆಕ್ಕೆ.

ಮೊಮ್ಮಗನ ಬಾಯಿ ದಾರಿಯುದ್ದಕ್ಕೂ ಸುಮ್ಮನಿರಲಿಲ್ಲ. ಡಾನ್ ಫೆಂಡ್ಲರ್ ಎಂಬ ಹುಡುಗನ ಪುಸ್ತಕವನ್ನು ಅವನು ಶಾಲೆಯಲ್ಲಿ ಓದಿದ್ದ. 1939ರ ಜುಲೈನಲ್ಲಿ ಆ ಹುಡುಗನಿಗೂ ಹನ್ನೆರಡೇ ವರ್ಷ. ತುದಿಯ ಹತ್ತಿರ ಮೋಡ ಮುಸುಕಿ ಜೊತೆಯವರಿಂದ ತಪ್ಪಿಸಿಕೊಂಡ. ಒಂಬತ್ತು ದಿನ ಕಾಡಿನಲ್ಲಿ ಅಲೆದ, ಬೂಟು ಕಳೆದುಕೊಂಡ, ಸೊಳ್ಳೆ ನೊಣಗಳು ಮೈಯೆಲ್ಲ ಕಚ್ಚಿದವು. ಹರಿಯುವ ನೀರಿನ ಗುಂಟ ನಡೆದರೆ ಜನ ಸಿಗುತ್ತಾರೆಂದು ನಡೆದು ಬದುಕಿ ಬಂದ. ನೀರಾವರಿಯವನಾದ ನನಗೆ ಆ ಮಾತು ಬಹಳ ಹಿಡಿಸಿತು.

ಚಿಮ್ನಿ ಪಾಂಡಿನ ಫಲಕದ ಮೇಲೆ ಮಧ್ಯಾಹ್ನದ ನಂತರ ಮೋಡ, ಗುಡುಗು ಬರಬಹುದು ಎಂದು ಬರೆದಿತ್ತು. ಓದಿದೆವು, ಮುಂದೆ ಹೋದೆವು. ಸ್ಯಾಡಲ್ ಎಂಬ ದಾರಿ ಹಿಡಿದು ಸಡಿಲ ಕಲ್ಲುಗಳ ಜಾರುಬಂಡೆ ಹತ್ತಿ ತುದಿ ಮುಟ್ಟಿದಾಗ ಒಂದು ಗಂಟೆಗೆ ಕಾಲು ತಾಸು ಕಡಿಮೆ. ರೊಟ್ಟಿ, ಶೇಂಗಾ ಚಟ್ನಿ ತಿಂದು ನಕಾಶೆ ಬಿಚ್ಚಿದೆ. ಬಂದ ದಾರಿಯಲ್ಲೇ ಇಳಿದರೆ 5.5 ಮೈಲಿ. ಅಲಗಿನ ಮೇಲೆ ದಾಟಿ ಪಮೋಲಾದ ಆಚೆ ಇಳಿದರೆ ಸುಮಾರು 4.3. ಒಂದು ಮೈಲಿಗಿಂತ ಹೆಚ್ಚು ಉಳಿತಾಯ. ನಕಾಶೆಯ ಮೇಲೆ ಗೆರೆ ನೋಡಿದೆ, ಕಾಂಟೂರ್ ನೋಡಲಿಲ್ಲ. ಆ ತಪ್ಪು ಮಾಡಿದ ಕೈಕೆಳಗಿನವರಿಗೆ ಎಷ್ಟು ಸಲ ಬೈದಿದ್ದೇನೋ ಲೆಕ್ಕವಿಲ್ಲ.

ಮಗಳು "ಅಪ್ಪಾ, ಬಂದ ದಾರ‍್ಯಾಗ ಇಳಿಯೋಣು" ಅಂದಳು. ನಾನು ಅಂದೆ, "ಡ್ಯಾಮಿನ ಗೋಡೆ ಮ್ಯಾಲೆ ಕಠಡಾ ಇಲ್ಲದಾಗ ಅಡ್ಡಾಡಿದಾಂವ ನಾನು." ಮಾತು ಮುಗಿಯಿತು. ನಮ್ಮ ಮನೆಗಳಲ್ಲಿ ಹಿರಿಯರು ಹಾಗೆ ಅಂದ ಮೇಲೆ ಮಾತು ಮುಗಿಯುತ್ತದೆ.

ಅಲಗಿನ ಮೇಲೆ ಇನ್ನೂರು ಮೀಟರ್ ಹೋಗಿರಬೇಕು. ಅದು ನಡಿಗೆಯಲ್ಲ. ಕೈ ಊರಿ, ಕುಂತು, ಒಂದು ಬಂಡೆಯಿಂದ ಇನ್ನೊಂದಕ್ಕೆ ಕಾಲು ಚಾಚುವುದು. ಸಾವಿರಾರು ಚಳಿಗಾಲ ಬಿರುಕಿನಲ್ಲಿ ನೀರು ಹೆಪ್ಪುಗಟ್ಟಿ ಸೀಳಿದ ಗ್ರಾನೈಟ್, ಅಂಚುಗಳು ಚೂಪು. ಎಡಕ್ಕೆ ಬೆಳಿಗ್ಗೆ ದಂಡೆಯ ಮೇಲೆ ನಿಂತಿದ್ದ ಕೆರೆ, ಅಂಗೈಯಷ್ಟು. ಅದು ಕಾಣುತ್ತಿದ್ದಂತೆಯೇ ಮೋಡ ಏರಿ ಬಂದು ಮುಚ್ಚಿತು. ಎರಡು ನಿಮಿಷದಲ್ಲಿ ಮುಂದಿನ ಬಂಡೆಯ ಮೇಲೆ ಬಳಿದ ನೀಲಿ ಗುರುತೂ ಕಾಣದಾಯಿತು. ಕಲ್ಲು ಒದ್ದೆಯಾಯಿತು. ನಾನು "ನಡೀರಿ, ನಡೀರಿ" ಎಂದೆ.

ಆಗ ಒಂದು ಸಂಗತಿ ಕಿವಿಗೆ ಬಿತ್ತು. ಬಿತ್ತು ಅನ್ನುವುದಕ್ಕಿಂತ ಬೀಳದೇ ಹೋಯಿತು ಅನ್ನಬೇಕು. ಹುಡುಗನ ಮಾತು ನಿಂತಿತ್ತು. ತಿರುಗಿ ನೋಡಿದೆ. ಬಂಡೆಯನ್ನು ಎರಡೂ ಕೈಯಿಂದ ಅವಚಿ ಹಿಡಿದು ನನ್ನನ್ನೇ ನೋಡುತ್ತಿದ್ದ. "ಹೋಗೋಣೇನು?" ಅಂದೆ. "ಹ್ಞೂಂ ಅಜ್ಜಾ" ಅಂದ.

ಆ ಹ್ಞೂಂ ನಾನು ಮೊದಲು ಕೇಳಿದ್ದೆ. ಇಪ್ಪತ್ತೈದು ವರ್ಷದ ಹಿಂದೆ ಹಳ್ಳಕ್ಕೆ ಅಡ್ಡ ಒಂದು ಕೆಲಸ ನಡೆದಿತ್ತು. ಪಾಯದ ಸುತ್ತ ಮಣ್ಣಿನ ರಿಂಗ್ ಬಂಡ್ ಹಾಕಿದ್ದೆವು. ಒಂದು ಸಂಜೆ ಹೊಸದಾಗಿ ಬಂದ ಜೂನಿಯರ್ ಇಂಜಿನಿಯರ್ ಬಂಡಿನ ಕಡೆ ಕೈ ಮಾಡಿ "ಸರ್..." ಎಂದು ಶುರು ಮಾಡಿದರು. "ತಡೀತದಲ್ಲಾ?" ಎಂದೆ, ಉತ್ತರ ನಾನೇ ಹೇಳಿಕೊಟ್ಟ ಹಾಗೆ. "ಹ್ಞೂಂ ಸರ್" ಅಂದರು. ಮೂರನೆಯ ದಿನ ರಾತ್ರಿ ಮೇಲಿನ ಮಳೆಗೆ ಬಂಡ್ ಒಡೆಯಿತು. ಪಂಪ್‌ಸೆಟ್, ಸಿಮೆಂಟ್, ಕಟ್ಟಿದ ಸೆಂಟರಿಂಗ್ ಎಲ್ಲ ಹೋಯಿತು. ಕೆಲಸಗಾರರು ಊರಿನ ಜಾತ್ರೆಗೆ ಹೋಗಿದ್ದರು, ಪಾಯದಲ್ಲಿ ಯಾರೂ ಮಲಗಿರಲಿಲ್ಲ. ವರದಿಯಲ್ಲಿ ಅನಿರೀಕ್ಷಿತ ಮಳೆ ಎಂದು ಬರೆದೆ. ಮಳೆಯ ಮಟ್ಟಿಗೆ ಅದು ಸುಳ್ಳಲ್ಲ.

"ಹೊಳ್ಳೋಣು" ಅಂದೆ. ಮಗಳು ಏನೂ ಅನ್ನಲಿಲ್ಲ. ಹುಡುಗನನ್ನು ನಡುವೆ ಹಾಕಿಕೊಂಡು ಕುಂತೇ ಹಿಂದೆ ಸರಿದೆವು. ಬಂದ ಇನ್ನೂರು ಮೀಟರಿಗೆ ಮುಕ್ಕಾಲು ತಾಸು ಹಿಡಿಯಿತು. ಸ್ಯಾಡಲ್ ತಲುಪುವಾಗ ಪಮೋಲಾದ ಕಡೆ ಗುಡುಗು ಕೇಳಿಸಿತು. 1846ರಲ್ಲಿ ಹೆನ್ರಿ ಡೇವಿಡ್ ಥೋರೋ ಕೂಡ ಈ ಗುಡ್ಡದ ಮೋಡದಲ್ಲಿ ಸಿಕ್ಕು ತುದಿ ಮುಟ್ಟದೆಯೇ ಇಳಿದರಂತೆ. ಇದು ಅಳಿಯಂದಿರು ನನ್ನ ಸಮಾಧಾನಕ್ಕೆ ಹೇಳಿದ್ದು.

ಕೆರೆಯ ದಂಡೆಗೆ ಬಂದ ಮೇಲೆ ಮೊಮ್ಮಗನ ಬಾಯಿ ತೆರೆಯಿತು. "ಅಜ್ಜಾ, ನನಗ ಮೊದಲಿಂದ ಅಂಜಿಕಿ ಇತ್ತು."

"ಮತ್ತ ಯಾಕ ಹೇಳಲಿಲ್ಲೋ?"

"ನೀವು ಸಿಟ್ಟಾಗ್ತಿದ್ರಿ."

ಅವನಿಗೆ ರಿಂಗ್ ಬಂಡಿನ ಕತೆ ಪೂರ್ತಿ ಹೇಳಿದೆ. ವರದಿಯಲ್ಲಿ ಬರೆದದ್ದನ್ನೂ ಹೇಳಿದೆ. ಮಗಳು ಹಿಂದೆ ಕೇಳುತ್ತ ಬರುತ್ತಿದ್ದಳು, ಅವಳಿಗೂ ಅದು ಹೊಸದು. ಕಾರಿನ ಹತ್ತಿರ ಬಂದಾಗ ರಾತ್ರಿ ಎಂಟೂವರೆ. ಕೊನೆಯ ತಾಸು ಬ್ಯಾಟರಿ ಬೆಳಕಿನಲ್ಲಿ ನಡೆದೆವು. ನನ್ನ ಬಲಮೊಣಕಾಲು ಇನ್ನೂ ಸರಿಯಾಗಿಲ್ಲ, ಇವತ್ತು ಕುರ್ಚಿ ಕೇಳಿ ಕುಳಿತಿರುವುದಕ್ಕೆ ಕ್ಷಮೆಯಿರಲಿ.

ಊರಿಗೆ ಬಂದ ಮೇಲೆ ಆ ಜೂನಿಯರ್ ಇಂಜಿನಿಯರ್‌ಗೆ ಫೋನ್ ಮಾಡಿದೆ. ಅವರೀಗ ದೊಡ್ಡ ಹುದ್ದೆಯಲ್ಲಿದ್ದಾರೆ. "ಆ ದಿನ ಸಂಜೆ ಬಂಡಿನ ಹತ್ತಿರ ಏನು ಹೇಳಬೇಕಂತಿದ್ರಿ?" ಎಂದು ಕೇಳಿದೆ. "ಅದೆಲ್ಲ ಈಗ ಯಾಕ್ರಿ ಸರ್" ಎಂದು ನಕ್ಕರು. ನಾನು ಸುಮ್ಮನಿದ್ದೆ. ಸ್ವಲ್ಪ ಹೊತ್ತಾದ ಮೇಲೆ ಹೇಳಿದರು: ಬಂಡಿನ ಬುಡದಿಂದ ನೀರು ಜಿನುಗುತ್ತಿತ್ತು, ನೀರು ರಾಡಿಯಾಗಿ ಬರುತ್ತಿತ್ತು, ಒಳಗಿನ ಮಣ್ಣು ಹೋಗುತ್ತಿದೆ ಎಂದು ಅವರಿಗೆ ಗೊತ್ತಾಗಿತ್ತು. ಎಷ್ಟು ಅಡಿ ದೂರಕ್ಕೆ, ಯಾವ ಕಡೆಗೆ ಎಂಬುದು ಕೂಡ ಅವರಿಗೆ ಇನ್ನೂ ನೆನಪಿತ್ತು.