ಕೈಟ್ ಬಿದ್ದಿದೆ ಅಂದೆ, ಹರಿದು ಬಿಸಾಕು ಅಂದ!

(ಪಾಡ್‌ಕಾಸ್ಟ್ ಸಂಚಿಕೆಯ ಅಕ್ಷರ ರೂಪ)

ಹೆಡ್‌ಫೋನ್ ಹಾಕ್ಕೊಂಡು ಬಸ್ಸಲ್ಲಿ ನಿಂತಿರೋರಿಗೆ, ಪಾತ್ರೆ ತೊಳೀತಾ ಕೇಳ್ತಿರೋರಿಗೆ, ಆಫೀಸಲ್ಲಿ ಕೆಲಸ ಮಾಡೋ ಹಾಗೆ ನಟಿಸ್ತಿರೋರಿಗೆ, ಎಲ್ಲರಿಗೂ ನಮಸ್ಕಾರ.

ಇನ್‌ಸ್ಟಾಗ್ರಾಮಲ್ಲಿ ನೀವೂ ನೋಡಿರ್ತೀರ. ಯಾರೋ ದಕ್ಷಿಣ ಆಫ್ರಿಕಾಗೋ ಕೋಸ್ಟರಿಕಾಗೋ ಹೋಗಿ, ಕೈಯಿಂದ ದುಡ್ಡು ಕೊಟ್ಟು, ಎರಡು ವಾರ ವನ್ಯಜೀವಿ ರಕ್ಷಣಾ ಕೇಂದ್ರದಲ್ಲಿ ಸ್ವಯಂಸೇವಕರಾಗಿದ್ದು, ಯಾವುದೋ ಮರೀನ ಎದೆಗವಚಿಕೊಂಡು ಫೋಟೊ ಹಾಕಿರ್ತಾರೆ. ನನಗೂ ಆ ಆಸೆ ಇತ್ತು. ದುಡ್ಡು ಇರಲಿಲ್ಲ. ಹಾಗಾಗಿ ನಾನು ಆ ಕೆಲಸ ಮಾಡಿದ್ದು ನಮ್ಮ ಬೆಂಗಳೂರಲ್ಲೇ, ಬಸ್ ಪಾಸ್ ಇಟ್ಕೊಂಡು. ಎದೆಗವಚಿಕೊಂಡ ಫೋಟೊ ಒಂದೂ ಇಲ್ಲ. ಯಾಕಿಲ್ಲ ಅನ್ನೋದೇ ಇವತ್ತಿನ ಕಥೆ.

ನಮ್ಮನೆ ಚಾಮರಾಜಪೇಟೆ. ಕೆ.ಆರ್. ಮಾರ್ಕೆಟ್ ಹತ್ತಿರಾನೇ. ನಮ್ಮ ತಾರಸಿ ಮೇಲೆ ನಿಂತು ತಲೆ ಎತ್ತಿದ್ರೆ ಯಾವಾಗ್ಲೂ ನಾಲ್ಕೈದು ಹದ್ದು ಸುತ್ತು ಹೊಡೀತಿರ್ತವೆ. ಮಾಂಸದಂಗಡಿಗಳ ಕಸ ಅವಕ್ಕೆ ಊಟ. ಆಷಾಢ ಬಂತು ಅಂದ್ರೆ ಅದೇ ಆಕಾಶದಲ್ಲಿ ಗಾಳಿಪಟಗಳೂ ಸೇರ್ಕೊಳ್ತವೆ. ಹಂಗೊಂದು ಆಷಾಢದ ಭಾನುವಾರ, ಬಟ್ಟೆ ಒಣಹಾಕೋ ತಂತೀಲಿ, ತಾತನ ಪಂಚೆ ಪಕ್ಕದಲ್ಲಿ, ಒಂದು ಹದ್ದು ತಲೆಕೆಳಗಾಗಿ ನೇತಾಡ್ತಿತ್ತು. ರೆಕ್ಕೆಗೆ ದಾರ ಸುತ್ತಿಕೊಂಡಿತ್ತು. ಪಂಚೆ ಮೇಲೆಲ್ಲ ರಕ್ತ.

ಗಾಬರಿಯಾಗಿ ಫ್ರೆಂಡಿಗೆ ಫೋನ್ ಮಾಡಿದೆ. ಸ್ಟೈಲಾಗಿ ಇಂಗ್ಲಿಷಲ್ಲಿ ಹೇಳಿದೆ ನೋಡಿ, ಅದೇ ತಪ್ಪಾಯ್ತು. "ಮಗಾ, ತಾರಸಿ ಮೇಲೆ ಕೈಟ್ ಸಿಕ್ಕಾಕ್ಕೊಂಡಿದೆ, ಏನ್ ಮಾಡ್ಲಿ?" ಅಂದೆ. ಅವನು ಆಕಳಿಸ್ಕೊಂಡು, "ಹರಿದು ಬಿಸಾಕು. ಅದಕ್ಕೆ ಭಾನುವಾರ ಬೆಳಗ್ಗೆ ಎಬ್ಬಿಸ್ಬೇಕಾ?" ಅಂದು ಫೋನ್ ಇಟ್ಟ.

ಅಷ್ಟರಲ್ಲಿ ಅಜ್ಜಿ ಮೇಲೆ ಬಂದ್ರು. ಹದ್ದು ನೋಡಿದ ತಕ್ಷಣ ಕೈ ಮುಗಿದ್ರು. "ಗರುಡ ದರ್ಶನ ಆಯ್ತು ಕಣೋ!" ಅಂದ್ರು. "ಅಜ್ಜೀ, ಗರುಡ ಅಂದ್ರೆ ಇಟ್ಟಿಗೆ ಬಣ್ಣದ ಮೈ, ಬಿಳೀ ತಲೆ. ಇದು ಬರೀ ಹದ್ದು" ಅಂದೆ. "ಹದ್ದಾದ್ರೇನು? ಗರುಡನ ದಾಯಾದಿ ಅಲ್ವಾ?" ಅಂದು, ಕೆಳಗೆ ಹೋಗಿ ಒಳಲೇಲಿ ಹಾಲು ತಂದ್ರು. ಗೊತ್ತಲ್ಲ ಒಳಲೆ? ಕೂಸುಗಳಿಗೆ ಹಾಲು ಕುಡಿಸೋ ಮೂತಿ ಇರೋ ಪುಟ್ಟ ಬಟ್ಟಲು. ನಾನು ಅದರಲ್ಲೇ ಬೆಳೆದವನು. ನಾವಿಬ್ಬರೂ ಸೇರಿ ಹದ್ದಿಗೆ ಒಳಲೆ ಹಿಡಿಯೋಕೆ ಹೋದ್ವಿ. ಅದು ಕೊಕ್ಕಲ್ಲಿ ನನ್ನ ಹೆಬ್ಬೆರಳು ಹಿಡೀತು. ಆಮೇಲೆ ಗೊತ್ತಾಯ್ತು, ಕಚ್ಚಿ ಅದು ತನ್ನ ಜೀವ ಉಳಿಸ್ಕೊಳ್ತು ಅಂತ. ಹಕ್ಕಿಗಳಿಗೆ ಉಸಿರಾಡೋ ರಂಧ್ರ ಇರೋದು ನಾಲಿಗೆ ಬುಡದಲ್ಲೇ. ನಾವು ಬಾಯಿ ತೆರೆಸಿ ಹಾಲೋ ನೀರೋ ಹುಯ್ದ್ರೆ ಅದು ಸೀದಾ ಶ್ವಾಸಕೋಶಕ್ಕೆ ಹೋಗಬಹುದು.

ಕೊನೆಗೆ ಅರಣ್ಯ ಇಲಾಖೆ ಸಹಾಯವಾಣಿ 1926ಕ್ಕೆ ಫೋನ್ ಮಾಡಿ, ಈ ಸಲ ಕನ್ನಡದಲ್ಲಿ "ಹದ್ದು" ಅಂದೆ. ಒಂದು ಕೇಂದ್ರದ ನಂಬರ್ ಸಿಕ್ತು. ಅವರು ಹೇಳಿದ್ದಿಷ್ಟು: ಟವೆಲ್ ಮುಚ್ಚಿ ಹಿಡೀರಿ, ದಾರ ಎಳೀಬೇಡಿ, ಸುತ್ತಲೂ ಕತ್ತರಿಸಿ, ತೂತು ಮಾಡಿದ ರಟ್ಟಿನ ಡಬ್ಬದಲ್ಲಿ ಕತ್ತಲೇಲಿ ಇಡಿ, ತಿನ್ನೋಕೆ ಕುಡಿಯೋಕೆ ಏನೂ ಕೊಡಬೇಡಿ, ಬೇಗ ತನ್ನಿ.

ಡಬ್ಬ ಹಿಡ್ಕೊಂಡು ಆಟೊ ಹತ್ತಿದೆ. ಒಳಗಿಂದ ಪರ ಪರ ಸದ್ದು. "ಏನ್ ಗುರೂ ಅದು?" ಅಂದ್ರು ಡ್ರೈವರ್. "ಹದ್ದು" ಅಂದೆ. ಗಾಡಿ ನಿಧಾನ ಮಾಡಿ, ಕನ್ನಡೀಲಿ ಒಂದು ಸಲ ನನ್ನ ನೋಡಿ, "ಹಂಗಾದ್ರೆ ಒನ್ ಅಂಡ್ ಹಾಫ್ ಕೊಟ್ಬಿಡಿ" ಅಂದ್ರು. ಬೆಂಗಳೂರಲ್ಲಿ ಹದ್ದಿಗೂ ವಿನಾಯಿತಿ ಇಲ್ಲ ಸ್ವಾಮಿ.

ಕೇಂದ್ರದ ಹೆಸರು ಹೇಳಲ್ಲ. ನಾನು ಅಲ್ಲಿ ಮಾಡಿದ ಘನಕಾರ್ಯಗಳನ್ನ ಕೇಳಿದ್ಮೇಲೆ, ಹೆಸರು ಹೇಳದೇ ಇರೋದೇ ಅವರಿಗೆ ನಾನು ಮಾಡೋ ಉಪಕಾರ ಅಂತ ನಿಮಗೇ ಗೊತ್ತಾಗತ್ತೆ.

ಡಾಕ್ಟರ್ ಮೇಡಂ ರೆಕ್ಕೆ ಬಿಡಿಸಿ ತೋರಿಸಿದ್ರು. ರೆಕ್ಕೆಯ ಮುಂದಿನ ಅಂಚಲ್ಲಿ, ಭುಜದಿಂದ ಮಣಿಕಟ್ಟಿನವರೆಗೆ ಒಂದು ತೆಳು ಚರ್ಮ ಇರತ್ತೆ, ಅದರೊಳಗೆ ಒಂದು ಸ್ನಾಯುರಜ್ಜು. ಮಾಂಜಾ ಕೊಯ್ಯೋದು ಹೆಚ್ಚಾಗಿ ಅಲ್ಲೇ. ಅದು ಪೂರ್ತಿ ತುಂಡಾದ್ರೆ ಹಕ್ಕಿ ಬದುಕಿದ್ರೂ ಹಾರಲ್ಲ. ಇದರದ್ದು ಚರ್ಮ ಹರಿದಿತ್ತು, ರಜ್ಜು ಉಳಿದಿತ್ತು. ಹೊಲಿಗೆ ಹಾಕಿದ್ರು. ಬಿಡಿಸಿದ ದಾರಾನ ಒಂದು ಸ್ಟೀಲ್ ತಟ್ಟೇಲಿ ಇಟ್ರು. ಗುಲಾಬಿ ಬಣ್ಣ.

ಇಲ್ಲಿ ನಾನೊಂದು ವಿಷಯ ಒಪ್ಪಿಕೊಳ್ಬೇಕು. ಅದೇ ಗುಲಾಬಿ ಮಾಂಜಾ ನಮ್ಮನೆ ಅಟ್ಟದಲ್ಲಿ ಅರ್ಧ ಉಂಡೆ ಇತ್ತು. ಹಿಂದಿನ ಆಷಾಢದಲ್ಲಿ ನಾನೇ ತಂದಿದ್ದೆ. ನೈಲಾನ್ ಮಾಂಜಾನ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲೇ ದೇಶಪೂರ್ತಿ ನಿಷೇಧಿಸಿದೆ. ನನಗೆ ಗೊತ್ತಿತ್ತು. ಆದ್ರೂ ಪಕ್ಕದ ಬೀದಿಯವನ ಪಟ ಕತ್ತರಿಸಬೇಕಲ್ಲ, ತಂದೆ. ನನ್ನ ಪಟಗಳೂ ಎಷ್ಟೋ ಕತ್ತರಿಸಿ ಹೋದ್ವು, ದಾರದ ಸಮೇತ. ಅವು ಎಲ್ಲಿ ಬಿದ್ವು ಅಂತ ಯಾವತ್ತೂ ಹೋಗಿ ನೋಡಿರಲಿಲ್ಲ. ತಟ್ಟೇಲಿದ್ದ ದಾರ ನನ್ನದೇ ಅಂತ ಹೇಳೋಕಾಗಲ್ಲ. ಅಲ್ಲ ಅಂತಾನೂ ಹೇಳೋಕಾಗಲ್ಲ.

ಹಿಂಗೆ ನಾನು ಸ್ವಯಂಸೇವಕನಾದೆ. ಪ್ರಾಣಿಪ್ರೀತಿ ಅಂತೆಲ್ಲ ಮನೇಲಿ ಹೇಳಿದ್ದೆ. ನಿಜ ಹೇಳಬೇಕಂದ್ರೆ ಅಪರಾಧಿ ಭಾವ.

ಪ್ರತಿ ಭಾನುವಾರ ಹೋಗ್ತಿದ್ದೆ. ಹೋಗೋಕೆ ಮುಂಚೆ ನನ್ನ ಕಲ್ಪನೆ ಏನಿತ್ತು ಅಂದ್ರೆ, ನಾನು ಒಳಗೆ ಕಾಲಿಟ್ಟ ತಕ್ಷಣ ಹದ್ದು ತಲೆ ಎತ್ತಿ ನನ್ನ ಗುರುತು ಹಿಡಿಯತ್ತೆ ಅಂತ. ಅಲ್ಲಿ ಸಿಕ್ಕಿದ ಕೆಲಸ: ತಟ್ಟೆ ತೊಳಿ. ಗೂಡಿನ ಹಳೇ ಪೇಪರ್ ತೆಗೆದು ಹೊಸದು ಹಾಸು. ಬಾವಲಿಗಳಿಗೆ ಪಪ್ಪಾಯಿ ಹೆಚ್ಚು. ನಮ್ಮ ಬ್ಯೂಗಲ್ ರಾಕ್ ಪಾರ್ಕಲ್ಲಿ ಮರಕ್ಕೆ ನೇತಾಡ್ತವಲ್ಲ, ಅಂಥವು. ನಿಯಮಗಳು ಮೂರು. ಹೆಸರಿಡಬಾರದು, ಸೆಲ್ಫಿ ತಗೋಬಾರದು, ಮಾತಾಡಬಾರದು. ಮಾತಾಡಬಾರದು! ಪಾಡ್‌ಕಾಸ್ಟ್ ಮಾಡೋನಿಗೆ!

ಮೊದಲನೇ ವಾರವೇ ಅವಾಂತರ. ಅಲ್ಲಿಗೆ ಹಾವುಗಳನ್ನ ಬಟ್ಟೆ ಚೀಲದಲ್ಲಿ ಕಟ್ಟಿ ತರ್ತಾರೆ. ಅಲ್ಲಿನ ಸಿಬ್ಬಂದಿ ಅಣ್ಣ ಒಬ್ಬರು, "ಹೊರಗೆ ಹಸಿರು ಚೀಲ ಇದೆ, ಹುಷಾರಾಗಿ ತಗೊಂಡು ಬಾ" ಅಂದ್ರು. ನಾನು ಆ ಚೀಲಾನ ಒಂದು ಕೋಲಿಗೆ ಸಿಕ್ಕಿಸಿ, ಕೈ ನೀಟಾಗಿ ಚಾಚಿ, ಉಸಿರು ಬಿಗಿ ಹಿಡಿದು, ಉತ್ಸವಮೂರ್ತಿ ತರೋ ಹಾಗೆ ಒಂದೊಂದೇ ಹೆಜ್ಜೆ ಇಟ್ಕೊಂಡು ತಂದೆ. ಎಲ್ಲರೂ ಕೆಲಸ ನಿಲ್ಲಿಸಿ ನೋಡ್ತಿದ್ರು. ಅಣ್ಣ ಚೀಲ ಬಿಚ್ಚಿ, ಒಳಗಿಂದ ಡಬ್ಬಿ ತೆಗೆದು, "ಚಟ್ನಿ ಚೆಲ್ಲಿಲ್ಲ ತಾನೇ?" ಅಂದ್ರು.

ಎರಡನೇದು ಗಿಳಿ ಕಥೆ. ಕೊನೇ ರೂಮಿನ ಬಾಗಿಲು ತಟ್ಟಿದೆ. ಒಳಗಿಂದ, "ಯಾರು?" ಅಂತ ಕೇಳಿಸ್ತು. "ನಾನು" ಅಂದೆ. "ಯಾರು?" "ನಾನೇ, ಹೊಸ ವಾಲಂಟಿಯರ್." "ಯಾರು?" ಐದು ನಿಮಿಷ ನನ್ನ ಪೂರ್ತಿ ಬಯೋಡೇಟಾ ಹೇಳಿದೆ. ಮೇಡಂ ಬಂದು ಬಾಗಿಲು ತೆಗೆದ್ರು. ಪಂಜರದಲ್ಲೊಂದು ಗಿಳಿ.

ನಕ್ಕೂ ನಕ್ಕೂ ಸುಸ್ತಾದೆ. ಮೇಡಂ ನಗಲಿಲ್ಲ. ಯಾರೋ ವರ್ಷಗಟ್ಟಲೆ ಮನೇಲಿ ಸಾಕಿ, ರೆಕ್ಕೆ ಕತ್ತರಿಸಿ, ಕೊನೆಗೆ ತಂದುಬಿಟ್ಟಿದ್ದ ಹಕ್ಕಿ ಅದು. ನಮ್ಮ ದೇಶದ ಗಿಳಿಗಳನ್ನ ಮನೇಲಿ ಸಾಕೋದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ. "ಇದನ್ನ ಬಿಟ್ರೆ ಮನುಷ್ಯರನ್ನೇ ಹುಡುಕ್ಕೊಂಡು ಹೋಗತ್ತೆ. ನಾಯಿ, ಬೆಕ್ಕಿಗೆ ಹೆದರೋದು ಮರೆತಿದೆ. ಅದಕ್ಕೇ ಇಲ್ಲಿ ಯಾರೂ ಮಾತಾಡಬಾರದು ಅನ್ನೋದು" ಅಂದ್ರು. ಅವತ್ತಿಂದ ಮರಿಗಳಿಗೆ ಊಟ ಕೊಡೋವಾಗ ಮುಖಕ್ಕೆ ಬಟ್ಟೆ ಕಟ್ಕೊಂಡು, ಚಿಮಟದಲ್ಲಿ ಕೊಟ್ಟು, ಬಾಯಿ ಮುಚ್ಕೊಂಡು ಬರೋದು ಕಲಿತೆ. ನಮ್ಮಮ್ಮಂಗೆ ಇದನ್ನ ನಂಬಿಸೋಕಾಗಲಿಲ್ಲ.

ಮತ್ತೆ ನಮ್ಮ ಹದ್ದು? ಒಂದು ಭಾನುವಾರ ಅದಕ್ಕೆ ಮಾಂಸದ ತಟ್ಟೆ ಇಡೋಕೆ ನನ್ನ ಕಳಿಸಿದ್ರು. ಒಳಗೆ ಹೋದೆ. ಸುತ್ತ ಯಾರೂ ಇಲ್ಲ ಅಂತ ನೋಡ್ಕೊಂಡು, ಮೆಲ್ಲಗೆ, "ಚಾಮರಾಜಪೇಟೆಯವನು ಕಣೋ" ಅಂದೆ. ಅದು ರೆಕ್ಕೆ ಬಿಚ್ಚಿತು. ಹತ್ತಿರ ಹತ್ತಿರ ಐದಡಿ ಅಗಲ. ಸೀದಾ ನನ್ನ ತಲೆ ಮೇಲೆ ಬಂತು. ನಾನು ತಟ್ಟೆ ಸಮೇತ ಹಿಂದಕ್ಕೆ ಬಿದ್ದೆ. ಮಾಂಸ ನನ್ನ ಅಂಗಿ ಮೇಲೆ, ಹದ್ದು ಮೂಲೇಲಿ. ಮೇಡಂ ಕಿಟಕೀಲಿ ನೋಡ್ತಿದ್ರು. ಬೈತಾರೆ ಅಂದ್ಕೊಂಡೆ. "ಎರಡೂ ರೆಕ್ಕೆ ಸಮ ಬಿಚ್ಚಿತು, ನೋಡಿದ್ಯಾ?" ಅಂದ್ರು. ಆಮೇಲೆ ಬೈದ್ರು.

ಎಲ್ಲಾ ಹಿಂಗೇ ಇರಲಿಲ್ಲ. ಅದೇ ತಿಂಗಳು ಇನ್ನೊಂದು ಹದ್ದು ಬಂತು. ಎರಡು ದಿನ ಮರದಲ್ಲಿ ಮಾಂಜಾಕ್ಕೆ ನೇತಾಡ್ತಿತ್ತಂತೆ. ಮೂಳೆ ಕಾಣ್ತಿತ್ತು. ಮೇಡಂ ನೋಡಿ, ನನ್ನ ಹೊರಗೆ ಹೋಗು ಅಂದ್ರು. ಸ್ವಲ್ಪ ಹೊತ್ತಾದ್ಮೇಲೆ ಖಾಲಿ ಡಬ್ಬ ಕೈಗೆ ಕೊಟ್ಟು, "ತೊಳೆದಿಡು, ಬೇರೆಯದಕ್ಕೆ ಬೇಕಾಗತ್ತೆ" ಅಂದ್ರು. ತೊಳೆದಿಟ್ಟೆ. ಅವತ್ತು ರಾತ್ರಿ ಅಟ್ಟದಿಂದ ಆ ಅರ್ಧ ಉಂಡೆ ಇಳಿಸಿ, ಕತ್ತರೀಲಿ ಗೇಣುದ್ದ ಗೇಣುದ್ದ ತುಂಡು ಮಾಡಿ ಕವರಿಗೆ ಕಟ್ಟಿದೆ. ಎರಡು ಗಂಟೆ ಹಿಡೀತು. ಬೆರಳೆಲ್ಲ ಕುಯ್ಕೊಂಡಿತ್ತು.

ಗೌರಿ-ಗಣೇಶ ಕಳೆದ ಮೇಲೆ ಒಂದು ಬೆಳಗ್ಗೆ ಫೋನ್ ಬಂತು. ದೊಡ್ಡ ಹಕ್ಕಿಗಳನ್ನ ಸಾಧ್ಯವಾದಷ್ಟು ಸಿಕ್ಕಿದ ಜಾಗದ ಹತ್ತಿರವೇ ಬಿಡ್ತಾರೆ. ಸರಿ, ನಮ್ಮ ತಾರಸಿಗೇ ಬಂದ್ರು. ಅಜ್ಜಿ ಆರತಿ ತಟ್ಟೆ ಹಿಡ್ಕೊಂಡು ರೆಡಿ. "ಅಜ್ಜೀ, ದೀಪ ಬೇಡ, ಅದು ಹೆದರತ್ತೆ" ಅಂದಿದ್ದಕ್ಕೆ ಬೇಜಾರಾಗಿ ಬಾಗಿಲ ಹಿಂದೆ ನಿಂತ್ರು. ಡಬ್ಬ ತೆಗೆದ್ವಿ. ಹದ್ದು ಹಾರಿ, ಸೀದಾ ನೀರಿನ ಟ್ಯಾಂಕ್ ಮೇಲೆ ಕೂತ್ಕೊಳ್ತು. ಇಪ್ಪತ್ತು ನಿಮಿಷ ಅಲ್ಲಾಡಲಿಲ್ಲ. ನಾನು ವಿಡಿಯೊ ಆನ್ ಮಾಡ್ಕೊಂಡೇ ನಿಂತಿದ್ದೆ. ಇನ್ನೇನು ಹಾರ್ತು ಅನ್ನೋವಾಗ ಫೋನಲ್ಲಿ "ಸ್ಟೋರೇಜ್ ಫುಲ್" ಅಂತ ಬಂತು. ತಲೆ ಎತ್ತೋಷ್ಟರಲ್ಲಿ ಅದು ಮಾರ್ಕೆಟ್ ಕಡೆ ಹೋಗಿ, ಉಳಿದ ನಾಲ್ಕೈದರ ಜತೆ ಸೇರ್ಕೊಂಡಿತ್ತು. ಯಾವುದು ನಮ್ಮದು ಅಂತ ಗೊತ್ತಾಗಲಿಲ್ಲ.

"ತಿರುಗಿ ನೋಡ್ತೇನೋ?" ಅಂದ್ರು ಅಜ್ಜಿ, ಬಾಗಿಲ ಹಿಂದಿಂದ. "ಇಲ್ಲ ಅಜ್ಜಿ." "ಹಂಗಾದ್ರೆ ಹುಷಾರಾಗಿದೆ ಬಿಡು" ಅಂದ್ರು.

ಈಗ ಆಷಾಢ ಬಂದ್ರೆ ನಾನೂ ನಮ್ಮ ಬೀದಿ ಹುಡುಗರೂ ಭಾನುವಾರ ತಾರಸಿ ತಾರಸಿ ಹತ್ತಿ, ಸಿಕ್ಕಿಕೊಂಡಿರೋ ದಾರ ಬಿಡಿಸ್ತೀವಿ. ಕರೆಂಟ್ ತಂತಿ ಹತ್ತಿರ ಮಾತ್ರ ಹೋಗಲ್ಲ, ನೀವೂ ಹೋಗಬೇಡಿ. ಪಟ ಹಾರಿಸ್ತೀವಿ, ಸಾದಾ ಹತ್ತಿ ದಾರದಲ್ಲಿ. ಪಕ್ಕದ ಬೀದಿಯವರು ನಮ್ಮ ಪಟಗಳನ್ನ ಆರಾಮಾಗಿ ಕತ್ತರಿಸ್ತಾರೆ. ಸೋಲ್ತೀವಿ. ಪರವಾಗಿಲ್ಲ.

ನಿಮ್ಮ ಮನೆ ಹತ್ತಿರ ಗಾಯಗೊಂಡ ಹಕ್ಕಿ ಸಿಕ್ರೆ ನೆನಪಿರಲಿ: ಟವೆಲ್, ಡಬ್ಬ, ಕತ್ತಲೆ, 1926. ಒಳಲೆ ಬೇಡ. ಫೋನಲ್ಲಿ ದಯವಿಟ್ಟು "ಕೈಟ್" ಅನ್ನಬೇಡಿ, ಹದ್ದು ಅನ್ನಿ.

ಮುಂದಿನ ವಾರ ಸಿಗೋಣ. ನಮಸ್ಕಾರ.